ಗೆದ್ದ ಕೂಲಿ ಕೈಗೆ ಬರುವ ದಾರಿ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತನ್ನು ನಮ್ಮ ಹಿರಿಯರು ಜಮೀನಿನ ವ್ಯಾಜ್ಯಗಳನ್ನು ನೋಡಿ ಹೇಳಿದರು. ಕೂಲಿಯ ವ್ಯಾಜ್ಯಕ್ಕೆ ಬಂದರೆ ಈ ಮಾತು ಇನ್ನೂ ಕಹಿಯಾಗುತ್ತದೆ. ಜಮೀನು ಇದ್ದಲ್ಲೇ ಇರುತ್ತದೆ. ಮೊಮ್ಮಕ್ಕಳ ಕಾಲಕ್ಕಾದರೂ ಕೈಗೆ ಬಂದೀತು. ಕೂಲಿ ಹಾಗಲ್ಲ. ಅದು ತಿಂಗಳ ಮೊದಲ ವಾರ ಬರಬೇಕಾದ ಹಣ. ಅಂಗಡಿಯ ಬಾಕಿ, ಮನೆ ಬಾಡಿಗೆ, ಮಗಳ ಕಾಲೇಜಿನ ಶುಲ್ಕ ಎಲ್ಲವೂ ಅದನ್ನೇ ನಂಬಿಕೊಂಡಿರುತ್ತವೆ. ಐದು ವರ್ಷ ತಡವಾಗಿ ಬಂದ ಕೂಲಿ, ಮಗಳು ಓದು ಬಿಟ್ಟ ಮೇಲೆ ಬಂದ ಕೂಲಿ.

ವರ್ಷಗಟ್ಟಲೆ ಓಡಾಡಿ, ಸಾಕ್ಷಿ ಹೇಳಿ, ಕೊನೆಗೆ ಕಾರ್ಮಿಕ ನ್ಯಾಯಾಲಯ ‘ಈತನಿಗೆ ಹಿಂದಿನ ಸಂಬಳ ಕೊಡತಕ್ಕದ್ದು’ ಎಂದು ಬರೆದುಕೊಟ್ಟಿತು ಎಂದುಕೊಳ್ಳೋಣ. ಮಾಲೀಕ ಆ ಕಾಗದ ನೋಡಿಯೂ ಸುಮ್ಮನೆ ಕುಳಿತರೆ? ಎಷ್ಟೋ ಮನೆಗಳಲ್ಲಿ ಕಥೆ ಇಲ್ಲಿಗೇ ನಿಲ್ಲುತ್ತದೆ. ತೀರ್ಪಿನ ಪ್ರತಿ ಟ್ರಂಕಿನೊಳಗೆ ಸೇರುತ್ತದೆ. ನ್ಯಾಯಾಲಯವೇ ಹಣ ತಂದುಕೊಡುತ್ತದೆ ಎಂದು ಕಾಯುವವರೂ ಉಂಟು. ತಂದುಕೊಡುವುದಿಲ್ಲ. ಕೇಳಬೇಕು, ಕೇಳುವುದಕ್ಕೆ ಬೇರೆಯೇ ಒಂದು ಅರ್ಜಿ, ಬೇರೆಯೇ ಒಂದು ಕಚೇರಿ, ಅದಕ್ಕೊಂದು ಕಾಲಮಿತಿ ಇದೆ. ಇಷ್ಟನ್ನು ತಿಳಿದುಕೊಂಡರೆ ಟ್ರಂಕಿನಲ್ಲಿರುವ ಕಾಗದಕ್ಕೆ ಜೀವ ಬರುತ್ತದೆ.

ಗೋವಿಂದನಹಳ್ಳಿಯಿಂದ ಗೇಟಿನವರೆಗೆ

ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಗೆ ಹೊರಗಿನವರು ಹೋಗುವುದು ಪಂಚಲಿಂಗೇಶ್ವರನ ಗುಡಿ ನೋಡಲು. ಸಾಲಾಗಿ ಐದು ಗರ್ಭಗುಡಿಗಳಿರುವ, ಹದಿಮೂರನೆಯ ಶತಮಾನದ ಹೊಯ್ಸಳ ದೇವಾಲಯ ಅದು. ಅಲ್ಲಿನ ಶಿಲ್ಪಗಳಲ್ಲಿ ರೂವಾರಿ ಮಲ್ಲಿತಮ್ಮನ ಹೆಸರಿದೆ. ಏಳು ನೂರು ವರ್ಷಗಳಿಗೂ ಹಿಂದಿನ ಒಬ್ಬ ಕೆಲಸಗಾರನ ಹೆಸರು ಕಲ್ಲಿನ ಮೇಲೆ ಉಳಿದಿದೆ ಎನ್ನುವುದು ಸಣ್ಣ ಸಂಗತಿಯಲ್ಲ. ಕೆಲಸ ಮಾಡಿದವನು ಯಾರು ಎಂಬುದಕ್ಕೆ ಅಲ್ಲಿ ಲಿಖಿತ ಪುರಾವೆ ಇದೆ.

ಈಗ ಮಂಡ್ಯ ಜಿಲ್ಲೆಯ ಹಳ್ಳಿಗಳ ಹುಡುಗ ಹುಡುಗಿಯರು ಕಬ್ಬು, ಭತ್ತ, ರಾಗಿಯನ್ನೇ ನಂಬಿ ಕೂರುವ ಕಾಲವಲ್ಲ. ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರುಗಳ ಸಿದ್ಧ ಉಡುಪು ಕಾರ್ಖಾನೆಗಳು, ಸಕ್ಕರೆ ಕಾರ್ಖಾನೆಗಳು, ಗೋದಾಮುಗಳು, ಗುತ್ತಿಗೆದಾರರ ಕೈಕೆಳಗಿನ ನೂರೆಂಟು ಕೆಲಸಗಳು ಅವರನ್ನು ಕರೆಯುತ್ತವೆ. ಅವರ ಹೆಸರು ಎಲ್ಲಿ ಬರೆದಿದೆ? ಹಾಜರಿ ಪುಸ್ತಕದಲ್ಲಿ ಇದೆಯೇ? ಸಂಬಳದ ಚೀಟಿಯಲ್ಲಿ ಇದೆಯೇ? ಕೂಲಿ ವಸೂಲಿಯ ಇಡೀ ಕಾನೂನು ಕೊನೆಗೆ ಈ ಪ್ರಶ್ನೆಯ ಮೇಲೆ ನಿಂತಿರುತ್ತದೆ.

ದೂರದ ಉದಾಹರಣೆ ಬೇಕಿಲ್ಲ. 2020ರ ಜೂನ್ 6ರಂದು ಶ್ರೀರಂಗಪಟ್ಟಣದಲ್ಲಿದ್ದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪೆನಿಯ ಇಸಿಸಿ-2 ಎಂಬ ಉಡುಪು ಕಾರ್ಖಾನೆ 1,200ಕ್ಕೂ ಹೆಚ್ಚು ಕಾರ್ಮಿಕರಿಗೆ ಲೇ-ಆಫ್ ಘೋಷಿಸಿತು. ಅವರಲ್ಲಿ ಬಹುಪಾಲು ಹೆಂಗಸರು. ಕೋವಿಡ್‌ನಿಂದ ಬೇಡಿಕೆ ಕುಸಿದಿದೆ ಎಂಬುದು ಕಂಪೆನಿಯ ವಾದ. ಸರ್ಕಾರದ ಅನುಮತಿಯಿಲ್ಲದೆ ಹೀಗೆ ಮಾಡುವಂತಿಲ್ಲ ಎಂಬುದು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ನಿನ ವಾದ. ವಾರಗಟ್ಟಲೆ ಕಾರ್ಖಾನೆಯ ಮುಂದೆ ಧರಣಿ ನಡೆಯಿತು. 2021ರ ಆರಂಭದಲ್ಲಿ ಕಂಪೆನಿ ಮತ್ತು ಯೂನಿಯನ್ ಒಪ್ಪಂದಕ್ಕೆ ಬಂದು, ಕೆಲಸ ಕಳೆದುಕೊಂಡವರನ್ನು ಬೇರೆ ಘಟಕಗಳಲ್ಲಿ ಮರಳಿ ತೆಗೆದುಕೊಳ್ಳುವ ತೀರ್ಮಾನವಾಯಿತು.

ಆ ಧರಣಿಯ ಹಿಂದೆ ಒಂದು ಸರಳ ಲೆಕ್ಕವಿತ್ತು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯಿದೆಯ ಪ್ರಕಾರ 100 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಲೇ-ಆಫ್ ಮಾಡಲು, ವಿದ್ಯುತ್ ಅಭಾವ, ನೈಸರ್ಗಿಕ ವಿಕೋಪದಂಥ ಸಂದರ್ಭ ಬಿಟ್ಟರೆ, ಸರ್ಕಾರದ ಪೂರ್ವಾನುಮತಿ ಪಡೆಯಬೇಕಿತ್ತು. ಲೇ-ಆಫ್ ಕಾನೂನುಬದ್ಧವಾದರೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಮಾತ್ರ ಕಾರ್ಮಿಕರಿಗೆ ಸಿಗುತ್ತದೆ. ಕಾನೂನುಬಾಹಿರವಾದರೆ, ಲೇ-ಆಫ್ ಆಗಿಯೇ ಇಲ್ಲ ಎಂಬಂತೆ ಪೂರ್ತಿ ಸಂಬಳ ಸಲ್ಲಬೇಕು. ಅರ್ಧ ಸಂಬಳವೋ ಪೂರ್ತಿ ಸಂಬಳವೋ ಎಂಬುದು ಒಂದು ಅನುಮತಿ ಪತ್ರದ ಮೇಲೆ ನಿಂತಿತ್ತು. ಅರ್ಧವೇ ಆಗಲಿ ಪೂರ್ತಿಯೇ ಆಗಲಿ, ಮಾಲೀಕ ಕೊಡದಿದ್ದರೆ ವಸೂಲಿಗೆ ದಾರಿ ಒಂದೇ ಆಗಿತ್ತು. ಆ ದಾರಿಯನ್ನೇ ಈಗ ನೋಡೋಣ.

ಐತೀರ್ಪು ಎಂದರೇನು?

ಮಾಲೀಕ ಮತ್ತು ಕಾರ್ಮಿಕರ ನಡುವಿನ ವಿವಾದವನ್ನು ವಿಚಾರಿಸಿ ಕಾರ್ಮಿಕ ನ್ಯಾಯಾಲಯ ಅಥವಾ ಕೈಗಾರಿಕಾ ನ್ಯಾಯಾಧಿಕರಣ ಕೊಡುವ ತೀರ್ಮಾನಕ್ಕೆ ಐತೀರ್ಪು ಎನ್ನುತ್ತಾರೆ. ಸಿವಿಲ್ ನ್ಯಾಯಾಲಯದ ಡಿಕ್ರಿಗೂ ಇದಕ್ಕೂ ವ್ಯತ್ಯಾಸವಿದೆ. ಹಳೆಯ ಕಾಯಿದೆಯಲ್ಲಿ ಐತೀರ್ಪನ್ನು ಸರ್ಕಾರ ಪ್ರಕಟಿಸಬೇಕಿತ್ತು. ಪ್ರಕಟವಾಗಿ 30 ದಿನಗಳಾದ ಮೇಲೆ ಅದು ಜಾರಿಗೆ ಯೋಗ್ಯವಾಗುತ್ತಿತ್ತು. ಆ 30 ದಿನ ಕಳೆಯುವ ಮುನ್ನ ವಸೂಲಿಗೆ ಹೊರಟರೆ ಅರ್ಜಿ ಹಿಂದಕ್ಕೆ ಬರುತ್ತಿತ್ತು. ಕಳೆದ ಮೇಲೆ ಮಲಗಿಬಿಟ್ಟರೆ ಕಾಲಮಿತಿ ಮೀರುತ್ತಿತ್ತು.

ಕಾನೂನು ಈಗ ಬದಲಾಗಿದೆ ಎಂಬುದನ್ನು ಇಲ್ಲಿಯೇ ಹೇಳಬೇಕು. 1947ರ ಕಾಯಿದೆಯ ಸ್ಥಾನದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ, ವೇತನ ಪಾವತಿ ಕಾಯಿದೆ (1936), ಕನಿಷ್ಠ ವೇತನ ಕಾಯಿದೆ (1948) ಮುಂತಾದವುಗಳ ಸ್ಥಾನದಲ್ಲಿ 2019ರ ವೇತನ ಸಂಹಿತೆಯೂ 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಹೊಸ ಸಂಹಿತೆಯಲ್ಲಿ ಐತೀರ್ಪು ಪಕ್ಷಗಾರರಿಗೆ ತಲುಪಿದ ದಿನದಿಂದ 30 ದಿನ ಲೆಕ್ಕ. ಲೇ-ಆಫ್‌ಗೆ ಪೂರ್ವಾನುಮತಿ ಬೇಕಾಗುವುದು 300 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಮಾತ್ರ. ಆದರೆ ವಸೂಲಿಯ ಮೂಲ ಏರ್ಪಾಡು ಹೆಚ್ಚು ಬದಲಾಗಿಲ್ಲ. ಹಳೆಯ ಕಾಯಿದೆಯ ಪ್ರಸಿದ್ಧವಾದ 33-ಸಿ ಪ್ರಕರಣ ಹೊಸ ಸಂಹಿತೆಯ 59ನೆಯ ಪ್ರಕರಣದಲ್ಲಿ ಮುಂದುವರಿದಿದೆ. ಅರ್ಧ ಶತಮಾನಕ್ಕೂ ಮಿಕ್ಕಿ 33-ಸಿ ಮೇಲೆ ನ್ಯಾಯಾಲಯಗಳು ಹೇಳಿರುವುದೇ ಈ ದಾರಿಯ ಕೈಮರ.

ಕಂದಾಯ ಬಾಕಿಯಂತೆ ವಸೂಲಿ

ಮಂಡ್ಯ ಜಿಲ್ಲೆಯ ರೈತ ಮನೆಗಳಿಗೆ ‘ಜಪ್ತಿ’ ಎಂಬ ಪದವನ್ನು ವಿವರಿಸಬೇಕಾಗಿಲ್ಲ. ಬಾಕಿ ಕಟ್ಟದಿದ್ದರೆ ಅಧಿಕಾರಿಗಳು ಬಂದು ಮನೆಯ ಸಾಮಾನು ಎತ್ತಿಕೊಂಡು ಹೋಗುತ್ತಿದ್ದ ನೆನಪು ಹಿರಿಯರಲ್ಲಿದೆ. 1980ರ ದಶಕದಲ್ಲಿ ರೈತ ಸಂಘ ಹೋರಾಡಿದ್ದು ಇಂಥ ಜಪ್ತಿಗಳ ವಿರುದ್ಧವೂ ಹೌದು. ಸರ್ಕಾರ ತನ್ನ ಬಾಕಿ ವಸೂಲಿಗೆ ಇಟ್ಟುಕೊಂಡಿರುವ ಇದೇ ಬಿಗಿಯಾದ ಅಧಿಕಾರವನ್ನು ಕಾರ್ಮಿಕ ಕಾನೂನು ಕೂಲಿಯವನ ಪರವಾಗಿ ತಿರುಗಿಸಿದೆ ಎಂಬುದು ಮಾತ್ರ ಹೆಚ್ಚು ಮಂದಿಗೆ ಗೊತ್ತಿಲ್ಲ.

ವ್ಯವಸ್ಥೆ ಹೀಗಿದೆ. ಐತೀರ್ಪು, ಒಪ್ಪಂದ ಅಥವಾ ಲೇ-ಆಫ್ ಮತ್ತು ಛಾಟಣಿ ಪರಿಹಾರದ ನಿಯಮಗಳ ಪ್ರಕಾರ ಮಾಲೀಕನಿಂದ ಹಣ ಬರಬೇಕಿದ್ದರೆ ಕಾರ್ಮಿಕ ಸರ್ಕಾರಕ್ಕೆ ಅರ್ಜಿ ಹಾಕಬಹುದು. ಇದು ಕಾರ್ಮಿಕ ಇಲಾಖೆಯ ಮೂಲಕ ನಡೆಯುವ ಕೆಲಸ. ಹಣ ಬರಬೇಕಾದದ್ದು ನಿಜ ಎಂದು ಮನದಟ್ಟಾದರೆ ಸರ್ಕಾರ ಜಿಲ್ಲಾಧಿಕಾರಿಗೆ ವಸೂಲಾತಿ ಪ್ರಮಾಣಪತ್ರ ಕಳುಹಿಸುತ್ತದೆ. ಜಿಲ್ಲಾಧಿಕಾರಿ ಆ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯಲ್ಲಿ ಬಾಕಿ ವಸೂಲಿಗೆ ಹಲವು ಮೆಟ್ಟಿಲುಗಳಿವೆ: ತಗಾದೆ ನೋಟೀಸು, ಚರಾಸ್ತಿಯ ಜಪ್ತಿ ಮತ್ತು ಹರಾಜು, ಸ್ಥಿರಾಸ್ತಿಯ ಮಾರಾಟ, ಕೊನೆಗೆ ಬಾಕಿದಾರನ ದಸ್ತಗಿರಿಗೂ ಅವಕಾಶ. ಕಾರ್ಖಾನೆಯ ಯಂತ್ರ, ವಾಹನ, ಕಟ್ಟಡ, ಜಮೀನು ಎಲ್ಲವೂ ಈ ಬಲೆಯೊಳಗೆ ಬರುತ್ತವೆ.

ಈ ದಾರಿಯಲ್ಲಿ ನೆನಪಿಡಬೇಕಾದ್ದು ಮೂರು. ಮೊದಲನೆಯದು ಕಾಲ. ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತಡವಾದರೆ ಒಪ್ಪತಕ್ಕ ಕಾರಣ ತೋರಿಸಬೇಕು. ಎರಡನೆಯದು, ಅರ್ಜಿಯನ್ನು ಕಾರ್ಮಿಕನೇ ಹಾಕಬೇಕೆಂದಿಲ್ಲ. ಆತ ಲಿಖಿತವಾಗಿ ಅಧಿಕಾರ ಕೊಟ್ಟವರು ಹಾಕಬಹುದು. ಆತ ತೀರಿಕೊಂಡಿದ್ದರೆ ಹೆಂಡತಿ ಮಕ್ಕಳು, ಅಂದರೆ ವಾರಸುದಾರರು, ಹಾಕಬಹುದು. ಅಪ್ಪನ ಜೊತೆಗೆ ಅಪ್ಪನ ಕೂಲಿಯೂ ಮಣ್ಣಾಗುವುದಿಲ್ಲ. ಮೂರನೆಯದು, ಈ ದಾರಿ ಸಲೀಸಾಗುವುದು ಮೊತ್ತ ಎಷ್ಟೆಂದು ಮೊದಲೇ ಖಚಿತವಾಗಿದ್ದಾಗ.

ಮೊತ್ತವೇ ಬರೆದಿಲ್ಲದಿದ್ದರೆ?

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ತಿಂಗಳಿಗೆ 9,000 ರೂಪಾಯಿ ಸಂಬಳದ ಒಬ್ಬಾಕೆಯನ್ನು ಕೆಲಸದಿಂದ ತೆಗೆದರು. 30 ತಿಂಗಳ ನಂತರ ನ್ಯಾಯಾಲಯ ‘ಈಕೆಯನ್ನು ಮರಳಿ ಕೆಲಸಕ್ಕೆ ತೆಗೆದುಕೊಂಡು ಹಿಂದಿನ ಸಂಬಳದ ಅರ್ಧ ಕೊಡಿ’ ಎಂದಿತು. ತೀರ್ಪಿನಲ್ಲಿ ಅಂಕಿ ಇಲ್ಲ. ಲೆಕ್ಕ ಹಾಕಿದರೆ ತಿಂಗಳಿಗೆ 4,500ರಂತೆ 1,35,000 ರೂಪಾಯಿ. ಆದರೆ ಮಾಲೀಕ ‘ಆಕೆಯ ಸಂಬಳ 9,000 ಅಲ್ಲ, 7,000, ನಡುವೆ ಮೂರು ತಿಂಗಳು ಕಾರ್ಖಾನೆಯೇ ಮುಚ್ಚಿತ್ತು’ ಎಂದು ತಕರಾರು ತೆಗೆಯುತ್ತಾನೆ. ತಹಶೀಲ್ದಾರರು ಈ ಜಗಳ ಬಿಡಿಸಲಾರರು. ಅದಕ್ಕಾಗಿಯೇ ಎರಡನೆಯ ದಾರಿ. ಹಳೆಯ ಕಾಯಿದೆಯ 33-ಸಿ (2) ಪ್ರಕಾರ ಕಾರ್ಮಿಕ ನ್ಯಾಯಾಲಯವೇ ಲೆಕ್ಕ ಹಾಕಿ ಮೊತ್ತ ನಿಗದಿ ಮಾಡುತ್ತಿತ್ತು. ಆ ಮೊತ್ತ ಮತ್ತೆ ಜಿಲ್ಲಾಧಿಕಾರಿಯ ಮೂಲಕ ವಸೂಲಾಗಬೇಕು. ಹಣವಲ್ಲದ ಸೌಲಭ್ಯ, ಉದಾಹರಣೆಗೆ ಸಮವಸ್ತ್ರ, ರಜೆ, ಇವುಗಳ ಬೆಲೆ ಕಟ್ಟುವುದೂ ಇಲ್ಲಿಯೇ.

ಈ ದಾರಿಯ ಅಗಲ ಎಷ್ಟೆಂದು ತೋರಿಸಿದ ಎರಡು ಮೊಕದ್ದಮೆಗಳನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಒಂದು, 1963ರ ಸೆಂಟ್ರಲ್ ಬ್ಯಾಂಕ್ ಮೊಕದ್ದಮೆ. ಬ್ಯಾಂಕಿನ ಕೆಲವು ಗುಮಾಸ್ತರು ಲೆಕ್ಕ ಕೂಡುವ ಯಂತ್ರ ನಡೆಸುತ್ತಿದ್ದರು. ಅಂಥವರಿಗೆ ವಿಶೇಷ ಭತ್ಯೆ ಕೊಡಬೇಕೆಂದು ಬ್ಯಾಂಕ್ ನೌಕರರ ವಿವಾದದಲ್ಲಿ ಹೊರಬಿದ್ದಿದ್ದ ಶಾಸ್ತ್ರಿ ಐತೀರ್ಪಿನಲ್ಲಿತ್ತು. ‘ಇವರಿಗೆ ಆ ಹಕ್ಕೇ ಇಲ್ಲ, ಆದ್ದರಿಂದ ಲೆಕ್ಕ ಹಾಕುವ ನ್ಯಾಯಾಲಯ ಇದನ್ನು ವಿಚಾರಿಸುವಂತಿಲ್ಲ’ ಎಂದು ಬ್ಯಾಂಕು ವಾದಿಸಿತು. ತೀರ್ಪು ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದವರು, ಮುಂದೆ ಭಾರತದ ಮುಖ್ಯ ನ್ಯಾಯಾಧೀಶರಾದವರು. ಮಾಲೀಕ ‘ಹಕ್ಕಿಲ್ಲ’ ಎಂದಾಕ್ಷಣ ನ್ಯಾಯಾಲಯ ಕೈಕಟ್ಟಿ ಕೂರಬೇಕಿಲ್ಲ, ಐತೀರ್ಪನ್ನು ಓದಿ ಅರ್ಥೈಸಿ ಹಕ್ಕು ಇದೆಯೇ ಎಂದು ನೋಡಬಹುದು ಎಂದು ಅವರ ಪೀಠ ಹೇಳಿತು. ಇಲ್ಲದಿದ್ದರೆ ಒಂದು ನಿರಾಕರಣೆಯಿಂದಲೇ ಮಾಲೀಕ ಪ್ರತಿಯೊಂದು ಅರ್ಜಿಯನ್ನೂ ಕೊಲ್ಲಬಹುದಿತ್ತು.

ಇನ್ನೊಂದು ನಮ್ಮದೇ ರಾಜ್ಯದ್ದು. ಬೆಳಗಾವಿ ಜಿಲ್ಲೆಯ ಅಥಣಿ ಪುರಸಭೆಯ ಕಾರ್ಮಿಕರು ಹೆಚ್ಚುವರಿ ಅವಧಿಯ ಕೆಲಸಕ್ಕೂ ವಾರದ ರಜೆಯ ದಿನ ಮಾಡಿದ ಕೆಲಸಕ್ಕೂ ಹಣ ಬರಬೇಕೆಂದು ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಪುರಸಭೆ ಎರಡು ತಡೆಗಳನ್ನು ಒಡ್ಡಿತು: ಇದು ಕನಿಷ್ಠ ವೇತನ ಕಾಯಿದೆಯ ಅಧಿಕಾರಿಯ ಮುಂದೆ ಹೋಗಬೇಕಾದ ವಿಷಯ; ಅಲ್ಲದೆ ಕಾಲಮಿತಿ ಮೀರಿದೆ. ಮೊಕದ್ದಮೆ ದೆಹಲಿಯವರೆಗೆ ಹೋಯಿತು. 1969ರಲ್ಲಿ ಸರ್ವೋಚ್ಚ ನ್ಯಾಯಾಲಯ ಎರಡನ್ನೂ ಒಪ್ಪಲಿಲ್ಲ. ಕೂಲಿಯ ದರದ ಬಗ್ಗೆ ವಿವಾದವಿಲ್ಲದೆ ಬರೀ ಲೆಕ್ಕ ಹಾಕುವುದು ಬಾಕಿಯಿದ್ದರೆ 33-ಸಿ (2) ದಾರಿ ತೆರೆದೇ ಇದೆ. ಲಿಮಿಟೇಷನ್ ಕಾಯಿದೆಯ ಅವಧಿ ಇಂಥ ಅರ್ಜಿಗೆ ಅನ್ವಯಿಸುವುದಿಲ್ಲ ಎಂದಿತು. ಒಂದು ಸಣ್ಣ ಊರಿನ ಪೌರ ನೌಕರರ ಭಾನುವಾರದ ಕೂಲಿ ದೇಶದ ಎಲ್ಲ ಕಾರ್ಮಿಕರಿಗೂ ದಾರಿ ತೋರಿಸಿದ್ದು ಹೀಗೆ.

ಆದರೆ ಈ ದಾರಿಗೂ ಒಂದು ಬೇಲಿ ಇದೆ. ಮೊದಲೇ ಇರುವ ಹಕ್ಕನ್ನು ಹಣವಾಗಿ ಪರಿವರ್ತಿಸುವುದು ಇಲ್ಲಿನ ಕೆಲಸ. ಇಲ್ಲದ ಹಕ್ಕನ್ನು ಹೊಸದಾಗಿ ಪಡೆಯುವುದಲ್ಲ. 1995ರಲ್ಲಿ ದೆಹಲಿ ನಗರಪಾಲಿಕೆಯ ದಿನಗೂಲಿ ನೌಕರರು ಕಾಯಂ ನೌಕರರಷ್ಟೇ ಸಂಬಳ ತಮಗೂ ಬರಬೇಕೆಂದು ಇದೇ ಪ್ರಕರಣದಡಿ ಕೇಳಿದಾಗ, ಮೊದಲು ಆ ಹಕ್ಕು ಬೇರೆ ವಿಚಾರಣೆಯಲ್ಲಿ ತೀರ್ಮಾನವಾಗಲಿ, ಲೆಕ್ಕ ಆಮೇಲೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಬಾಗಿಲು ತಪ್ಪಿದರೆ ವರ್ಷಗಳು ವ್ಯರ್ಥವಾಗುತ್ತವೆ. ಅರ್ಜಿ ಹಾಕುವ ಮುನ್ನ ತಿಳಿದವರನ್ನು ಕೇಳಬೇಕು ಎನ್ನುವುದು ಇದಕ್ಕೇ.

ಡಿಕ್ರಿಯಂತೆ ಅಮಲ್ಜಾರಿ

ಐತೀರ್ಪು ಡಿಕ್ರಿಯಲ್ಲ ಎಂಬ ಕೊರತೆಯನ್ನು 2010ರ ಒಂದು ತಿದ್ದುಪಡಿ ಬಹುಮಟ್ಟಿಗೆ ತುಂಬಿತು. ಐತೀರ್ಪನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದ ಪ್ರಕಾರ ಡಿಕ್ರಿಯಂತೆಯೇ ಅಮಲ್ಜಾರಿ ಮಾಡಿಸಲು ಅದು ಅವಕಾಶ ಕೊಟ್ಟಿತು. ಹೊಸ ಸಂಹಿತೆಯೂ ಈ ಏರ್ಪಾಡನ್ನು ಉಳಿಸಿಕೊಂಡಿದೆ. ಇದರ ಲಾಭವೇನೆಂದರೆ ಬ್ಯಾಂಕ್ ಖಾತೆಯ ಜಪ್ತಿ, ಆಸ್ತಿಯ ಹರಾಜು ಮುಂತಾದ ಕ್ರಮಗಳು ನ್ಯಾಯಾಲಯದ ಕಣ್ಣೆದುರಿಗೇ ನಡೆಯುತ್ತವೆ. ಕಡತ ಯಾವ ಮೇಜಿನ ಮೇಲೆ ಕುಳಿತಿದೆ ಎಂದು ಹುಡುಕಾಡುವ ಕಷ್ಟ ಕಡಿಮೆ. ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ ಎಂಬಂಥ, ಹಣವಲ್ಲದ ಆದೇಶಗಳಿಗೂ ಇದು ಉಪಯೋಗಕ್ಕೆ ಬರುತ್ತದೆ.

ಐತೀರ್ಪನ್ನು ಉಲ್ಲಂಘಿಸುವುದು ಶಿಕ್ಷಾರ್ಹ ಅಪರಾಧವೂ ಹೌದು. ದಂಡ, ಸೆರೆವಾಸ ಎರಡಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಆದರೆ ಮಾಲೀಕ ದಂಡ ಕಟ್ಟಿದ ಮಾತ್ರಕ್ಕೆ ಕಾರ್ಮಿಕನ ಜೇಬು ತುಂಬುವುದಿಲ್ಲ. ಶಿಕ್ಷೆಯ ಹೆದರಿಕೆ ವಸೂಲಿಗೆ ನೆರವಾದೀತು, ಅದರ ಸ್ಥಾನ ತುಂಬಲಾರದು.

ಮೇಲ್ಮನವಿ ಎಂಬ ಆಟ

ಸೋತ ಮಾಲೀಕ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತರುವುದು ಸಾಮಾನ್ಯ. ಕಂಪೆನಿಗೆ ಕಾಯುವ ಶಕ್ತಿಯಿದೆ, ಕೆಲಸ ಕಳೆದುಕೊಂಡವನಿಗಿಲ್ಲ. ಈ ಅಸಮತೆಯನ್ನು ಕಂಡೇ 1984ರಲ್ಲಿ 17-ಬಿ ಎಂಬ ಪ್ರಕರಣ ಜಾರಿಗೆ ಬಂತು. ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂಬ ಐತೀರ್ಪನ್ನು ಮಾಲೀಕ ಹೈಕೋರ್ಟು ಅಥವಾ ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರೆ, ಮೊಕದ್ದಮೆ ಮುಗಿಯುವವರೆಗೆ ಕಾರ್ಮಿಕನಿಗೆ ಆತ ಕೊನೆಯದಾಗಿ ಪಡೆಯುತ್ತಿದ್ದ ಪೂರ್ತಿ ಸಂಬಳ ಕೊಡಬೇಕು. ಬೇರೆಲ್ಲೂ ಕೆಲಸದಲ್ಲಿಲ್ಲ ಎಂದು ಕಾರ್ಮಿಕ ಪ್ರಮಾಣಪತ್ರ ಸಲ್ಲಿಸಬೇಕು. ಹೊಸ ಸಂಹಿತೆಯಲ್ಲೂ ಈ ರಕ್ಷಣೆ ಇದೆ. ಇದನ್ನು ಕೇಳಿ ಪಡೆಯಬೇಕು. ಕೇಳದೆ ಕೂತರೆ ಮೇಲ್ಮನವಿಯ ಕಾಲವೆಲ್ಲ ಉಪವಾಸವೇ.

ತಿಂಗಳ ಕೂಲಿಗೇ ಕತ್ತರಿ ಬಿದ್ದಾಗ

ಎಲ್ಲ ಕೂಲಿ ವ್ಯಾಜ್ಯವೂ ಐತೀರ್ಪಿನ ತನಕ ಬೆಳೆಯಬೇಕಿಲ್ಲ. ಸಂಬಳ ಕೊಡದಿರುವುದು, ಕಾರಣವಿಲ್ಲದೆ ಮುರಿದುಕೊಳ್ಳುವುದು, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವುದು, ಇವಕ್ಕೆ ನೇರವಾದ ದಾರಿ ಬೇರೆ ಇದೆ.

ಕರ್ನಾಟಕದ ಉಡುಪು ಕಾರ್ಖಾನೆಗಳ ತುಟ್ಟಿಭತ್ಯೆಯ ಪ್ರಸಂಗ ಇದಕ್ಕೆ ತಕ್ಕ ನಿದರ್ಶನ. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆಯ ಹೆಚ್ಚಳವನ್ನು ರಾಜ್ಯ ಸರ್ಕಾರ ಒಂದು ವರ್ಷ ಮುಂದೂಡಿತು. ಮೊತ್ತ ತಿಂಗಳಿಗೆ 417 ರೂಪಾಯಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಸರ್ಕಾರದ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಹಲವು ಕಾರ್ಖಾನೆಗಳು ಹಣ ಕೊಡಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಬಾಕಿ ಬರಬೇಕಿದೆ ಎಂದು ಅಮೆರಿಕದ ವರ್ಕರ್ ರೈಟ್ಸ್ ಕನ್ಸೋರ್ಷಿಯಂ ಎಂಬ ನಿಗಾ ಸಂಸ್ಥೆ 2021ರಲ್ಲಿ ಬಹಿರಂಗಪಡಿಸಿತು. ಯೂನಿಯನ್ನುಗಳ ಹೋರಾಟ, ವಿದೇಶಿ ಖರೀದಿದಾರರ ಒತ್ತಡಗಳ ಫಲವಾಗಿ 2022ರ ಸುಮಾರಿಗೆ ದೊಡ್ಡ ಕಾರ್ಖಾನೆಗಳು ಹಿಂಬಾಕಿ ಕೊಡತೊಡಗಿದವು. 417 ಸಣ್ಣ ಮೊತ್ತವೆಂದು ಕಂಡೀತು. ವರ್ಷಕ್ಕೆ 5,004 ರೂಪಾಯಿ. ಮಗನ ಪರೀಕ್ಷಾ ಶುಲ್ಕ, ಪುಸ್ತಕ, ಬಸ್ ಪಾಸು ಎಲ್ಲ ಅದರಲ್ಲಿ ಅಡಗಿವೆ. ಹೈಕೋರ್ಟಿನ ಆಜ್ಞೆಯೊಂದರಿಂದಲೇ ಹಣ ತಾನಾಗಿ ಹರಿದು ಬರಲಿಲ್ಲ ಎಂಬುದನ್ನು ಗಮನಿಸಬೇಕು.

ವೇತನ ಸಂಹಿತೆಯಲ್ಲಿ ಇಂಥ ದೂರು ಕೇಳಲು ಗೆಜೆಟೆಡ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗಳನ್ನು ನೇಮಿಸುವ ಏರ್ಪಾಡಿದೆ. ಹಿಂದೆ ವೇತನ ಪಾವತಿ ಕಾಯಿದೆಯಡಿ 12 ತಿಂಗಳೊಳಗೆ, ಕನಿಷ್ಠ ವೇತನ ಕಾಯಿದೆಯಡಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು. ಈಗ ಮೂರು ವರ್ಷಗಳವರೆಗೆ ಅವಕಾಶವಿದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಆ ಅಧಿಕಾರಿಗಿದೆ. ಮಾಲೀಕ ಕೊಡದಿದ್ದರೆ ಮತ್ತೆ ಅದೇ ಭೂಕಂದಾಯ ಬಾಕಿಯ ವಸೂಲಿ. ಹಣ ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕನದು, ಕಾರ್ಮಿಕನದಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ ಏಳನೆಯ ದಿನದೊಳಗೆ, ಕೆಲಸ ಬಿಟ್ಟವರ ಅಥವಾ ಬಿಡಿಸಿದವರ ಬಾಕಿ ಎರಡು ಕೆಲಸದ ದಿನಗಳೊಳಗೆ ಸಲ್ಲಬೇಕು.

ಗುತ್ತಿಗೆದಾರ ಮಾಯವಾದರೆ ಏನು ಗತಿ? ಇದು ಹಳ್ಳಿಯಿಂದ ಹೋದ ಹುಡುಗರು ಹೆಚ್ಚಾಗಿ ಎದುರಿಸುವ ಪ್ರಶ್ನೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯಿದೆ ಹೇಳಿತ್ತು. ಹೊಸ ಸಂಹಿತೆಗಳಲ್ಲೂ ಮೂಲ ಸಂಸ್ಥೆಯ ಹೊಣೆ ಉಳಿದಿದೆ. ಆದ್ದರಿಂದ ಗುತ್ತಿಗೆದಾರನ ಫೋನ್ ನಂಬರು ಒಂದಿದ್ದರೆ ಸಾಲದು. ಯಾರ ಕಾರ್ಖಾನೆಯಲ್ಲಿ, ಯಾವ ವಿಭಾಗದಲ್ಲಿ ಕೆಲಸ ಮಾಡಿದೆ ಎಂಬ ದಾಖಲೆ ಇರಬೇಕು.

ಕಾರ್ಖಾನೆಯೇ ಮುಳುಗಿದರೆ? ಬ್ಯಾಂಕುಗಳು, ಸಾಲಗಾರರು ಎಲ್ಲರೂ ಒಟ್ಟಿಗೆ ಕೈಚಾಚುತ್ತಾರೆ. 2016ರ ದಿವಾಳಿ ಸಂಹಿತೆಯ ಪ್ರಕಾರ ಕಂಪೆನಿಯ ಸಮಾಪನೆಯಾದಾಗ, ಅದಕ್ಕೆ ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿಗೆ ಭದ್ರತೆ ಪಡೆದ ಸಾಲಗಾರರ ಸಮಾನವಾದ ಸ್ಥಾನವಿದೆ. ಆದರೆ ಹಕ್ಕು ಮಂಡಿಸಲು ಅಲ್ಲಿಯೂ ಗಡುವಿದೆ. ಮುಚ್ಚಿದ ಗೇಟಿನ ಮೇಲೆ ಅಂಟಿಸಿದ ನೋಟೀಸನ್ನು ಓದದೆ ಬರಬಾರದು.

ಮನೆಯಲ್ಲಿ ಇಡಬೇಕಾದ ಕಡತ

ಇಷ್ಟೆಲ್ಲ ದಾರಿಗಳಿದ್ದೂ ಅರ್ಜಿಗಳು ಬಿದ್ದುಹೋಗುವುದು ಬಹುತೇಕ ಕಾಗದದ ಕೊರತೆಯಿಂದ. ಓದು ಬಲ್ಲ ಮಗ ಅಥವಾ ಮಗಳು ತಂದೆ ತಾಯಿಗೆ ಮಾಡಬಹುದಾದ ದೊಡ್ಡ ಉಪಕಾರ ಇಲ್ಲಿದೆ. ಒಂದು ರಟ್ಟಿನ ಫೈಲು ತಂದು ನೇಮಕಾತಿ ಪತ್ರ, ಗುರುತಿನ ಚೀಟಿಯ ಪ್ರತಿ, ಪ್ರತಿ ತಿಂಗಳ ಸಂಬಳದ ಚೀಟಿ, ಸಂಬಳ ಜಮಾ ಆದ ಪಾಸ್ ಪುಸ್ತಕ, ಭವಿಷ್ಯನಿಧಿ ಮತ್ತು ಇಎಸ್‌ಐ ಸಂಖ್ಯೆ, ಕಾರ್ಖಾನೆ ಕೊಟ್ಟ ಪ್ರತಿಯೊಂದು ನೋಟೀಸು, ಇವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಿ. ನೇಮಕಾತಿ ಪತ್ರ ಮತ್ತು ಸಂಬಳದ ಚೀಟಿ ಕೊಡುವುದು ಈಗ ಮಾಲೀಕನ ಕಾನೂನುಬದ್ಧ ಕರ್ತವ್ಯ, ಕೇಳುವುದು ದಾಷ್ಟೀಕವಲ್ಲ. ಹೆಚ್ಚುವರಿ ಅವಧಿ ದುಡಿದ ದಿನ, ಗಂಟೆಗಳನ್ನು ಒಂದು ನೋಟ್ ಪುಸ್ತಕದಲ್ಲಿ ಆಯಾ ದಿನವೇ ಬರೆಯಿರಿ. ಓದದೆ ಯಾವ ಕಾಗದಕ್ಕೂ, ಅದರಲ್ಲೂ ‘ಲೆಕ್ಕ ಚುಕ್ತಾ’ ಎಂಬ ಕಾಗದಕ್ಕೆ, ಸಹಿ ಹಾಕಬಾರದು.

ಐತೀರ್ಪು ಕೈಸೇರಿದ ದಿನ ಅದರ ಮೇಲೆ ದಿನಾಂಕ ಬರೆದು, 30 ದಿನ ಮುಗಿಯುವ ದಿನ ಮತ್ತು ಒಂದು ವರ್ಷ ಮುಗಿಯುವ ದಿನ ಎರಡನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 30 ದಿನ ಕಳೆದ ಕೂಡಲೇ ಮೊತ್ತದ ಲೆಕ್ಕ ಕಾಣಿಸಿ ಮಾಲೀಕನಿಗೆ ರಿಜಿಸ್ಟರ್ ಅಂಚೆಯಲ್ಲಿ ತಗಾದೆ ಪತ್ರ ಕಳುಹಿಸಿ, ರಸೀತಿ ಇಟ್ಟುಕೊಳ್ಳಿ. ಹೊಸ ಸಂಹಿತೆಗಳು ಬಂದಿರುವುದರಿಂದ ಅರ್ಜಿ ಯಾವ ಕಚೇರಿಗೆ, ಯಾವ ನಮೂನೆಯಲ್ಲಿ ಎಂಬುದನ್ನು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಕೈಬಿಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಅರ್ಹರು. ಇವರಿಗೆ ಆದಾಯದ ಮಿತಿಯ ಕಟ್ಟುಪಾಡಿಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಿದರೆ ಸಾಕು.

ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲಾತ್ಕಾರದ ದುಡಿಮೆಗೆ ಸಮ ಎಂದು ಸರ್ವೋಚ್ಚ ನ್ಯಾಯಾಲಯ 1982ರ ಏಷ್ಯಾಡ್ ಕಾರ್ಮಿಕರ ಮೊಕದ್ದಮೆಯಲ್ಲಿ ಹೇಳಿತು. ಕೂಲಿ ಕೇಳುವುದು ದಾನ ಬೇಡುವುದಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ಹತ್ತನೆಯ ತರಗತಿಯಲ್ಲಿ ಬಡ್ಡಿಯ ಲೆಕ್ಕ, ಶೇಕಡಾವಾರು ಕಲಿತ ಮಕ್ಕಳು ಈ ಭಾನುವಾರ ಅಮ್ಮನ ಸಂಬಳದ ಚೀಟಿಯನ್ನು ಕೇಳಿ ಪಡೆದು ಮೂಲ ವೇತನ ಎಷ್ಟು, ತುಟ್ಟಿಭತ್ಯೆ ಎಷ್ಟು, ಮುರಿದದ್ದು ಎಷ್ಟು, ಯಾಕೆ ಎಂದು ಒಂದೊಂದೇ ಸಾಲು ಓದಿ ನೋಡಲಿ. ಅರ್ಥವಾಗದ ಸಾಲೊಂದು ಸಿಕ್ಕರೆ ಸೋಮವಾರ ಅದನ್ನು ಕಾರ್ಖಾನೆಯ ಕಚೇರಿಯಲ್ಲಿ ಕೇಳುವಂತೆ ಅಮ್ಮನಿಗೆ ಹೇಳಲಿ.